ಮಡಿಸಿದ ಬೆರಳು, ಸೂಜಿಯ ಮೊನೆ

ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದು ನಮ್ಮ ಹಿರಿಯರು ಕೇಳಿದರು. ಕೇಳಿದ್ದು ಸರಿಯೇ. ಆದರೆ ಹುಣ್ಣಾಗದೆ, ಉರಿಯದೆ, ಬಹುಮಟ್ಟಿಗೆ ನೋವೂ ಇಲ್ಲದೆ, ಅಂಗೈಯಲ್ಲಿಯೇ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವ ರೋಗವೊಂದಿದೆ. ದಿನಕ್ಕೆ ನೂರು ಸಲ ಕಣ್ಣಿಗೆ ಬಿದ್ದರೂ ಮನುಷ್ಯನು ಅದನ್ನು ಕಾಣುವುದಿಲ್ಲ. ಉಂಗುರದ ಬೆರಳಿನ ಬುಡಕ್ಕೆ ನೇರವಾಗಿ, ಅಂಗೈಯ ಗೆರೆಯ ಹತ್ತಿರ, ಚರ್ಮದ ಅಡಿಯಲ್ಲಿ ಮೊದಲು ಸಣ್ಣದೊಂದು ಗಂಟು ಕಾಣಿಸಿಕೊಳ್ಳುತ್ತದೆ. ಅದನ್ನು ಆಣಿಯೆಂದು ತಿಳಿದು ಸುಮ್ಮನಾಗುತ್ತಾರೆ. ಕಾಲಕ್ರಮದಲ್ಲಿ ಅಲ್ಲಿಯ ಚರ್ಮ ಒಳಕ್ಕೆ ಎಳೆದುಕೊಂಡು ಗುಳಿ ಬೀಳುತ್ತದೆ. ಗಂಟಿನಿಂದ ಬೆರಳಿನ ಕಡೆಗೆ ಹುರಿಯೊಂದು ಬಿಗಿಯಾಗಿ ಹರಿಯುತ್ತದೆ. ಬೆರಳು ಅಂಗೈಯತ್ತ ಬಾಗುತ್ತದೆ. ಮಡಿಸುವುದಕ್ಕೆ ಏನೂ ಅಡ್ಡಿಯಿಲ್ಲ, ಬಿಡಿಸುವುದು ಮಾತ್ರ ಆಗದು. ಇನ್ನೊಂದು ಕೈಯಿಂದ ಹಿಡಿದು ಎತ್ತಿದರೂ ಅದು ನೇರವಾಗದು.

ಇಷ್ಟಕ್ಕೆ ಏನು ಮಹಾ ನಷ್ಟ ಎನ್ನುವವರುಂಟು. ಮುಖ ತೊಳೆಯುವಾಗ ಬಾಗಿದ ಬೆರಳು ಕಣ್ಣಿಗೆ ಚುಚ್ಚುತ್ತದೆ. ಅಂಗಿಯ ಜೇಬಿಗೆ ಕೈ ಹೋಗದು. ಬಳೆ ತೊಡಿಸುವವನು ಗೊಣಗುತ್ತಾನೆ. ಹಾರ್ಮೋನಿಯಂ ನುಡಿಸುವವನ ಕಿರುಬೆರಳು ಮನೆಯಿಂದ ಮನೆಗೆ ಹಾರದು. ಎರಡು ಕೈ ಜೋಡಿಸಿದರೆ ನಮಸ್ಕಾರವು ಅರ್ಧವಾಗಿ ನಿಲ್ಲುತ್ತದೆ. ತೀರ್ಥ ತೆಗೆದುಕೊಳ್ಳುವುದಕ್ಕೆ ಮಾತ್ರ ತೊಂದರೆಯಿಲ್ಲ. ಅಂಗೈ ತಾನಾಗಿಯೇ ಗುಳಿಯಾಗಿರುತ್ತದೆ!

ಸಂಸ್ಕೃತದಲ್ಲಿ ಉಂಗುರದ ಬೆರಳಿಗೆ ಅನಾಮಿಕೆ ಎನ್ನುತ್ತಾರೆ, ಎಂದರೆ ಹೆಸರಿಲ್ಲದವಳು. ಕವಿಗಳನ್ನು ಎಣಿಸಹೊರಟವರು ಕಿರುಬೆರಳನ್ನು ಕಾಳಿದಾಸನಿಗೆಂದು ಮಡಿಸಿ, ಮುಂದಿನ ಬೆರಳಿಗೆ ಅವನ ಸಮಾನನನ್ನು ಕಾಣದೆ ಕೈಚೆಲ್ಲಿದರೆಂಬ ಚಾಟೋಕ್ತಿಯನ್ನು ನಾವು ತರಗತಿಯಲ್ಲಿ ಹೇಳುವುದುಂಟು. ಈ ರೋಗವು ಹೆಚ್ಚಾಗಿ ಮಡಿಸುವುದೂ ಅವೇ ಎರಡು ಬೆರಳುಗಳನ್ನು. ಹೆಸರಿಲ್ಲದ ಬೆರಳಿನ ಈ ರೋಗಕ್ಕೆ ಮಾತ್ರ ಒಂದು ದೊಡ್ಡ ಹೆಸರು ಅಂಟಿಕೊಂಡಿದೆ: ಡುಪ್ಯುಟ್ರೆನ್. ಫ್ರೆಂಚರ ಬಾಯಲ್ಲಿ ಅದರ ಕೊನೆಯ ಅಕ್ಷರ ಮೂಗಿನಲ್ಲಿ ಕರಗಿಹೋಗುತ್ತದೆ. ನಮಗೆ ಇಷ್ಟೇ ಸಾಕು.

ಬ್ಯಾರನ್ ಗಿಯೋಮ್ ಡುಪ್ಯುಟ್ರೆನ್ ೧೭೭೭ರಲ್ಲಿ ಹುಟ್ಟಿ ೧೮೩೫ರಲ್ಲಿ ತೀರಿಕೊಂಡ ಪ್ಯಾರಿಸಿನ ಶಸ್ತ್ರವೈದ್ಯ. ಓತೆಲ್ ದ್ಯು ಎಂಬ ಪುರಾತನ ಆಸ್ಪತ್ರೆಗೆ ಅವನೇ ಮುಖ್ಯ ಶಸ್ತ್ರವೈದ್ಯ. ಆ ಹೆಸರನ್ನು ನಾವು ದೇವರ ಛತ್ರ ಎಂದು ಕನ್ನಡಿಸಬಹುದು. ಕೆಲಸದಲ್ಲಿ ಅಸಾಧಾರಣ, ನಾಲಗೆಯಲ್ಲಿ ಕಠೋರ. ಅವನ ಜೊತೆಗಾರರೇ ಅವನನ್ನು ಆ ಛತ್ರದ ದರೋಡೆಗಾರನೆಂದು ಕರೆಯುತ್ತಿದ್ದರಂತೆ. ೧೮೩೧ರಲ್ಲಿ ಅವನು ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಬಾಗಿದ ಬೆರಳುಗಳನ್ನು, ಅಂಗೈಯನ್ನು ಅಡ್ಡಲಾಗಿ ಸೀಳಿ ನೇರಗೊಳಿಸಿದನು. ಪ್ರಜ್ಞೆ ತಪ್ಪಿಸುವ ಮದ್ದು ಇನ್ನೂ ಬಳಕೆಗೆ ಬಾರದ ಕಾಲವದು. ಆ ವ್ಯಾಪಾರಿಯ ಧೈರ್ಯವನ್ನು ಮೆಚ್ಚಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಡುಪ್ಯುಟ್ರೆನ್ ಇದನ್ನು ಕುರಿತು ಮಾಡಿದ ಉಪನ್ಯಾಸ ಅಚ್ಚಾಗಿ, ಯೂರೋಪಿನಲ್ಲೆಲ್ಲ ಹರಡಿ, ರೋಗವು ಅವನದಾಯಿತು.

ವಾಸ್ತವವಾಗಿ ಅವನು ಮೊದಲಿಗನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಫೀಲಿಕ್ಸ್ ಪ್ಲ್ಯಾಟರ್ ೧೬೧೪ರಲ್ಲೇ ಇಂತಹ ಕೈಯನ್ನು ವರ್ಣಿಸಿದ್ದನು. ಲಂಡನ್ನಿನ ಹೆನ್ರಿ ಕ್ಲೈನ್, ಡುಪ್ಯುಟ್ರೆನ್ ಹುಟ್ಟಿದ ವರ್ಷದಲ್ಲಿಯೇ, ಶವಗಳ ಕೈಯನ್ನು ಬಿಡಿಸಿ ನೋಡಿ ಕೇಡು ಎಲ್ಲಿದೆಯೆಂದು ಕಂಡುಕೊಂಡಿದ್ದನು. ಕ್ಲೈನನ ಶಿಷ್ಯ ಆಸ್ಟ್ಲಿ ಕೂಪರ್ ೧೮೨೨ರಲ್ಲಿ, ಕೀಲು ತಪ್ಪುವುದನ್ನೂ ಮೂಳೆ ಮುರಿಯುವುದನ್ನೂ ಕುರಿತ ತನ್ನ ಗ್ರಂಥದಲ್ಲಿ, ಇದಕ್ಕೊಂದು ಉಪಾಯವನ್ನೂ ಸೂಚಿಸಿದನು: ಚರ್ಮದಲ್ಲಿ ಬಹು ಸಣ್ಣ ರಂಧ್ರವೊಂದನ್ನು ಮಾಡಿ, ಅದರ ಮೂಲಕ ಮೊನಚಾದ ಕಿರುಚೂರಿಯನ್ನು ತೂರಿಸಿ, ಒಳಗಿನ ಹುರಿಯನ್ನು ಕತ್ತರಿಸಬಹುದೆಂದು. ಇಂದು ಹೊಸದೆಂದು ಹೇಳಿಕೊಳ್ಳುವ ಚಿಕಿತ್ಸೆಯ ಬೀಜ ಇಲ್ಲಿದೆ. ದೊಡ್ಡ ಗಾಯದ ದಾರಿಗಿಂತ ಸಣ್ಣ ರಂಧ್ರದ ದಾರಿಯೇ ಹಳೆಯದು!

ಒಳಗಿನ ಹುರಿ ಯಾವುದು? ಬೆರಳು ಬಾಗಿದೊಡನೆ ‘ನರ ಎಳೆದುಕೊಂಡಿದೆ’ ಎನ್ನುವುದು ನಮ್ಮ ಮನೆಗಳ ವಾಡಿಕೆ. ಇಲ್ಲಿ ಎಳೆದುಕೊಂಡಿರುವುದು ನರವೂ ಅಲ್ಲ, ಬೆರಳನ್ನು ಮಡಿಸುವ ಸ್ನಾಯುರಜ್ಜುವೂ ಅಲ್ಲ. ಅಂಗೈಯ ಚರ್ಮಕ್ಕೂ ಆ ರಜ್ಜುಗಳಿಗೂ ನಡುವೆ, ಮಣಿಕಟ್ಟಿನಿಂದ ಬೆರಳುಗಳ ಕಡೆಗೆ ಬೀಸಣಿಗೆಯಂತೆ ಹರಡಿಕೊಂಡ ಗಟ್ಟಿಯಾದ ಪೊರೆಯೊಂದಿದೆ. ನಾವು ಬಿಂದಿಗೆಯನ್ನೋ ಹಾರೆಯನ್ನೋ ಹಿಡಿದಾಗ ಅಂಗೈಯ ಚರ್ಮ ಜಾರದೆ ನಿಲ್ಲುವುದು ಅದರ ಉಪಕಾರ. ಈ ಪೊರೆಯ ಜೀವಕೋಶಗಳು ಕೆಲವರಲ್ಲಿ ಸ್ವಭಾವ ಬದಲಿಸಿ, ಕೊಲ್ಯಾಜೆನ್ ಎಂಬ ನಾರುಪದಾರ್ಥವನ್ನು ಹೇರಳವಾಗಿ ನೇಯುತ್ತವೆ. ನೇಯುತ್ತ ನೇಯುತ್ತ ತಾವೂ ಸಂಕೋಚಗೊಂಡು ನೇಯ್ಗೆಯನ್ನು ಬಿಗಿಯುತ್ತವೆ. ಬೀಸಣಿಗೆಯ ಒಂದು ಕಡ್ಡಿ ಗಿಡ್ಡವಾದರೆ ಹೇಗೋ ಹಾಗೆ ಬೆರಳು ಒಳಕ್ಕೆ ಬಾಗುತ್ತದೆ.

ಕಾರಣವನ್ನು ಹುಡುಕುತ್ತ ಹೋದರೆ ಮುಖ್ಯವಾಗಿ ವಂಶಕ್ಕೇ ಬಂದು ನಿಲ್ಲಬೇಕು. ರೋಗವು ಉತ್ತರ ಯೂರೋಪಿನ ಜನರಲ್ಲಿ ವಿಶೇಷ; ಐವತ್ತು ದಾಟಿದ ಗಂಡಸರಲ್ಲಿ ಇನ್ನೂ ವಿಶೇಷ. ಕಡಲುಗಳ್ಳರಾದ ವೈಕಿಂಗರು ಹೋದಲ್ಲೆಲ್ಲ ಇದನ್ನು ಬಿತ್ತಿದರೆಂಬ ಕಥೆ ಬಹುಕಾಲ ನಡೆದುಬಂದಿತು. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಮ್ಯಾಕ್‌ಕ್ರಿಮನ್ನರ ಶಾಪವೆಂದು ಹೆಸರು. ಸ್ಕೈ ದ್ವೀಪದ ಆ ಮನೆತನದವರು ವಂಶಪರಂಪರೆಯಾಗಿ ಚೀಲದ ಕೊಳಲು ಊದುವವರು, ಕಿರುಬೆರಳು ಬಾಗಿದರೆ ಅವರ ವಿದ್ಯೆಯೇ ಹೋಯಿತು. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವೈಕಿಂಗರನ್ನೂ ಹಿಂದೆ ಹಾಕಿ, ಈ ರೋಗದ ಕೆಲವು ಬಲವಾದ ವಂಶವಾಹಿ ಅಂಶಗಳು ನಿಯಾಂಡರ್ತಾಲ್ ಮಾನವನಿಂದ ಬಂದವೆಂದು ತೋರಿಸಿತು. ಕುಡಿತ, ಧೂಮಪಾನ, ಕಂಪಿಸುವ ಯಂತ್ರಗಳನ್ನು ಹಿಡಿದು ಮಾಡುವ ದುಡಿಮೆ, ಮಧುಮೇಹ ಇವೂ ಜೊತೆಗೂಡುತ್ತವೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ೧೯೮೬ರಲ್ಲಿಯೂ, ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ೧೯೮೯ರಲ್ಲಿಯೂ ಇದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ನಮ್ಮ ದೇಶದಲ್ಲಿ ಇದು ಅಷ್ಟು ಸಾಮಾನ್ಯವಲ್ಲ. ಆದರೆ ಇಲ್ಲವೆಂದಲ್ಲ; ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವಾಗ ಇಲ್ಲವೆನ್ನುವುದು ಹೇಗೆ? ಅಪರೂಪವಾದ್ದರಿಂದಲೇ ಇನ್ನೊಂದು ಎಚ್ಚರಿಕೆ ಬೇಕು. ಬಾಗಿದ ಬೆರಳೆಲ್ಲ ಡುಪ್ಯುಟ್ರೆನ್ನಿನದಲ್ಲ. ಮಡಿಸಿದ ಬೆರಳು ಸಿಕ್ಕಿಕೊಂಡು, ಬಿಡಿಸುವಾಗ ಟಕ್ಕೆಂದು ಸದ್ದು ಮಾಡಿ ಬಿಟ್ಟುಕೊಂಡರೆ ಅದು ರಜ್ಜುವಿನ ತೊಂದರೆ, ಅದರ ಚಿಕಿತ್ಸೆಯೇ ಬೇರೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಉಂಗುರದ ಬೆರಳೂ ಕಿರುಬೆರಳೂ ಹಕ್ಕಿಯ ಉಗುರಿನಂತೆ ಕೊಂಕಿ, ಅಂಗೈಯಲ್ಲಿ ಹುರಿಯೇನೂ ಕೈಗೆ ಸಿಗದೆ, ಚರ್ಮಕ್ಕೆ ಸ್ಪರ್ಶವೇ ತಿಳಿಯದಂತಾಗಿದ್ದರೆ, ಅದು ಮೊಣಕೈಯ ಬಳಿಯ ನರಕ್ಕೆ ತಗುಲಿದ ಕೇಡು. ನಮ್ಮಲ್ಲಿ ಅದಕ್ಕೆ ಕುಷ್ಠವೂ ಒಂದು ಕಾರಣ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ೧೯೪೦ರ ದಶಕದ ಕೊನೆಯಲ್ಲಿ ಅಂತಹ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ಜಗತ್ತಿಗೆ ದಾರಿ ತೋರಿಸಿದರು. ಈಗ ಕುಷ್ಠಕ್ಕೆ ಗುಣಪಡಿಸುವ ಔಷಧವಿದೆ. ತಡಮಾಡಿದರೆ ಸತ್ತ ನರ ಮಾತ್ರ ಹಿಂದಿರುಗದು. ಸ್ಪರ್ಶ ತಿಳಿಯದ ಬಾಗಿದ ಬೆರಳನ್ನು ಸಂಕೋಚದಿಂದ ಸೆರಗಿನಲ್ಲಿ ಮುಚ್ಚಿಕೊಳ್ಳುವುದು ತೀರ ತಪ್ಪು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಅವರ ಅಂಗೈಯಲ್ಲಿ ಗಂಟು ಕಾಣಿಸಿಕೊಂಡಾಗ ಮನೆಯಾಕೆ ಬಿಸಿ ಹರಳೆಣ್ಣೆ ಹಚ್ಚಿ ತಿಂಗಳುಗಟ್ಟಲೆ ಉಜ್ಜಿದರು. ಗಂಟು ಕದಲಲಿಲ್ಲ. ಮಗ ಬಂದವನು, ಈ ವಾರವೇ ಕೊಯ್ಯಿಸಿಬಿಡೋಣವೆಂದು ಹಟ ಹಿಡಿದು ಕರೆದುಕೊಂಡು ಹೋದ. ಕೈಯ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಡಾಕ್ಟರು ಒಂದೇ ಪರೀಕ್ಷೆ ಮಾಡಿದರಂತೆ: “ರಾಯರೆ, ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಡಿ.” ಕೈ ಸಪಾಟಾಗಿ ಕುಳಿತಿತು. “ಹಾಗಾದರೆ ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ” ಎಂದು ಕಳುಹಿಸಿದರು. ರಾಯರಿಗೆ ಸಿಟ್ಟು. “ನೋಡಿ ಮೇಷ್ಟ್ರೆ, ಫೀಸು ತೆಗೆದುಕೊಂಡು ಬರಿಗೈಯಲ್ಲಿ ಕಳುಹಿಸಿದರು” ಎಂದು ನನ್ನೊಡನೆ ಹೇಳಿಕೊಂಡರು. ನನಗೇನೋ ಆ ಫೀಸು ಸಾರ್ಥಕವೆನಿಸಿತು. ಗಂಟು ಇದ್ದ ಮಾತ್ರಕ್ಕೆ ಚಿಕಿತ್ಸೆಯಿಲ್ಲ. ಎಷ್ಟೋ ಗಂಟುಗಳು ಗಂಟಾಗಿಯೇ ಉಳಿದುಬಿಡುತ್ತವೆ. ಕೈ ಮೇಜಿನ ಮೇಲೆ ಸಪಾಟಾಗಿ ಕುಳಿತುಕೊಳ್ಳದೆ ಹೋದ ದಿನ ಮಾತ್ರ ಕಾಯುವುದನ್ನು ನಿಲ್ಲಿಸಬೇಕು. ಬೆರಳಿನ ಬುಡದ ಕೀಲು ೩೦ ಡಿಗ್ರಿಯಷ್ಟು ಬಾಗಿದರೆ ಚಿಕಿತ್ಸೆಯ ಮಾತೆತ್ತುವುದು ವಾಡಿಕೆ; ನಡುಗೆಣ್ಣು ಬಾಗತೊಡಗಿದರೆ ಅಷ್ಟೂ ಕಾಯಲಾಗದು. ಬುಡದ ಕೀಲು ಸಾಧು, ತಡವಾಗಿ ಬಿಡಿಸಿದರೂ ಒಪ್ಪುತ್ತದೆ. ನಡುಗೆಣ್ಣು ಹಟಮಾರಿ, ಬಹಳ ಕಾಲ ಬಾಗಿದ್ದರೆ ಹುರಿಯನ್ನು ಕತ್ತರಿಸಿದರೂ ತಾನೇ ಬಿಗಿದುಕೊಂಡು ಕುಳಿತುಬಿಡುತ್ತದೆ. ಎಣ್ಣೆಯಿಂದ ಹಾನಿಯೇನೂ ಇಲ್ಲ, ಪ್ರಯೋಜನವೂ ಇಲ್ಲ.

ಇನ್ನು ಸೂಜಿಯ ವಿಚಾರ. ಕೂಪರನ ಉಪಾಯ ನೂರೈವತ್ತು ವರ್ಷ ಹೆಚ್ಚು ಕಡಮೆ ಮೂಲೆ ಸೇರಿತ್ತು. ೧೯೭೦ರ ದಶಕದಲ್ಲಿ ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಲೆರ್ಮೂಸಿಯೋ ಮತ್ತು ದೆಬೇರ್ ಎಂಬ ವೈದ್ಯರು ಅದನ್ನು ಮತ್ತೆ ಹೊರತೆಗೆದರು. ಇವರು ಶಸ್ತ್ರವೈದ್ಯರೇ ಅಲ್ಲ, ಕೀಲುವಾತದ ವೈದ್ಯರು ಎಂಬುದು ಸ್ವಾರಸ್ಯದ ಸಂಗತಿ. ಚೂರಿಯ ಬದಲು ಇಂಜೆಕ್ಷನ್ನಿನ ಸೂಜಿಯ ಮೊನೆಯನ್ನೇ ಅವರು ಕತ್ತಿಯಾಗಿ ಬಳಸಿದರು.

ರೋಗಿ ಕುರ್ಚಿಯಲ್ಲಿಯೋ ಮಂಚದ ಮೇಲೋ ಇದ್ದು ಕೈ ಚಾಚುತ್ತಾನೆ. ಹುರಿಯ ಮೇಲಿನ ಚರ್ಮಕ್ಕೆ ಮಾತ್ರ ತುಸು ಮರವು ಮದ್ದನ್ನು ಕೊಡುತ್ತಾರೆ. ಆಳಕ್ಕೆ ಕೊಡುವುದಿಲ್ಲ, ಅದಕ್ಕೆ ಕಾರಣವಿದೆ. ಹುರಿಯ ಪಕ್ಕದಲ್ಲಿಯೇ, ಕೆಲವೊಮ್ಮೆ ಅದನ್ನು ಸುತ್ತಿಕೊಂಡೇ, ಬೆರಳಿನ ನರವಿರುತ್ತದೆ. ಸೂಜಿ ಅದರ ಹತ್ತಿರ ಹೋದರೆ ಬೆರಳ ತುದಿಯಲ್ಲಿ ಜುಮ್ಮೆನ್ನಬೇಕು, ರೋಗಿ ಒಡನೆ ಹೇಳಬೇಕು, ವೈದ್ಯ ಕೈ ಹಿಂದಕ್ಕೆ ತೆಗೆಯಬೇಕು. ಪೂರ್ತಿ ಜೋಮು ಹಿಡಿಸಿದರೆ ಈ ಕಾವಲುಗಾರನೇ ನಿದ್ದೆ ಹೋಗುತ್ತಾನೆ. ಹಾಗೆಯೇ ನಡುನಡುವೆ ಬೆರಳನ್ನು ಮಡಿಸಿ ಬಿಡಿಸಲು ಹೇಳುತ್ತಾರೆ. ಬೆರಳಿನೊಡನೆ ಸೂಜಿಯೂ ಅಲುಗಿದರೆ ಅದು ರಜ್ಜುವಿಗೆ ಹೊಕ್ಕಿದೆಯೆಂದು ಅರ್ಥ. ಎಚ್ಚರದಲ್ಲಿರುವ ರೋಗಿಯೂ ಇಲ್ಲಿ ವೈದ್ಯನ ಸಹಾಯಕನೇ. ಸೂಜಿಯ ಮೊನೆಯನ್ನು ಹುರಿಯ ಮೇಲೆ ಹಿಂದೆ ಮುಂದೆ ಆಡಿಸಿ, ಒಂದೊಂದೇ ಎಳೆಯನ್ನು ಕುಯ್ದು, ಇಂತಹ ಕೆಲವು ತಾಣಗಳಲ್ಲಿ ಅದನ್ನು ಸಡಿಲಿಸಿದ ಮೇಲೆ, ಬೆರಳನ್ನು ಹಿಡಿದು ಮೆಲ್ಲನೆ ಎಳೆಯುತ್ತಾರೆ. ಉಳಿದ ಎಳೆಗಳು ಕಿತ್ತು ಬರುವ ಸದ್ದು ಕೇಳುವುದುಂಟು. ಬೆರಳು ನೇರವಾಗುತ್ತದೆ. ಹೊಲಿಗೆಯಿಲ್ಲ, ಸಣ್ಣ ಪಟ್ಟಿ ಸಾಕು. ಅದೇ ಹೊತ್ತು ಮನೆಗೆ, ಕೆಲವೇ ದಿನಗಳಲ್ಲಿ ಕೆಲಸಕ್ಕೆ. ಚರ್ಮ ಸೀಳುವುದು ಸಾಮಾನ್ಯ, ಅದು ತಾನೇ ಮಾಯುತ್ತದೆ. ನರಕ್ಕೋ ರಜ್ಜುವಿಗೋ ಪೆಟ್ಟಾಗುವುದು ವಿರಳ, ಆದರೆ ಇಲ್ಲದಿಲ್ಲ. ಆದ್ದರಿಂದ ಸೂಜಿ ಚಿಕ್ಕದೆಂದು ಯಾರ ಕೈಗಾದರೂ ಕೈ ಕೊಡತಕ್ಕದ್ದಲ್ಲ; ಅಂಗೈಯ ಒಳರಚನೆಯನ್ನು ಚೆನ್ನಾಗಿ ಬಲ್ಲವರೇ ಬೇಕು.

ಇನ್ನೊಂದು ದಾರಿ ಕತ್ತಿಯನ್ನೇ ಬಿಟ್ಟುಕೊಡುತ್ತದೆ. ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಜೀವಿಗಳ ಕುಲ ಕುಪ್ರಸಿದ್ಧವಾದುದು. ಧನುರ್ವಾಯುವನ್ನು ತರುವ ಜೀವಿ ಅದೇ ಕುಲದ್ದು. ಆ ಕುಲದ ಮತ್ತೊಂದು ಜೀವಿ ಕೊಲ್ಯಾಜೆನನ್ನು ಕರಗಿಸುವ ಕಿಣ್ವವನ್ನು ಸ್ರವಿಸುತ್ತದೆ. ಅದನ್ನು ಶುದ್ಧಿಮಾಡಿ ಅರ್ಧ ಮಿಲಿಗ್ರಾಮಿಗಿಂತ ತುಸು ಹೆಚ್ಚಾಗಿ ಹುರಿಯೊಳಕ್ಕೆ ಚುಚ್ಚಿದರೆ, ಒಂದೆರಡು ದಿನಗಳಲ್ಲಿ ಹುರಿ ಮೆತ್ತಗಾಗುತ್ತದೆ; ಆಮೇಲೆ ವೈದ್ಯರು ಬೆರಳನ್ನು ಎಳೆದು ಬಿಡಿಸುತ್ತಾರೆ. ನರ, ರಕ್ತನಾಳಗಳ ಹೊದಿಕೆಯಲ್ಲಿರುವ ಕೊಲ್ಯಾಜೆನ್ ಬೇರೆ ಜಾತಿಯದಾದ್ದರಿಂದ ಕಿಣ್ವ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಜಾಣ್ಮೆ! ಅಮೆರಿಕದಲ್ಲಿ ೩೦೮ ರೋಗಿಗಳ ಮೇಲೆ ನಡೆದು ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಿಣ್ವ ಪಡೆದ ಕೀಲುಗಳಲ್ಲಿ ನೂರಕ್ಕೆ ೬೪ ಬಹುಮಟ್ಟಿಗೆ ನೇರವಾದವು. ಸತ್ವವಿಲ್ಲದ ದ್ರವ ಪಡೆದವುಗಳಲ್ಲಿ ೭ ಮಾತ್ರ. ೨೦೧೦ರಲ್ಲಿ ಅಲ್ಲಿ ಔಷಧಕ್ಕೆ ಅನುಮತಿ ದೊರೆಯಿತು. ಕೈ ಊದಿಕೊಂಡು ಕಪ್ಪಗಾಗುವುದು ಸಾಮಾನ್ಯ. ರಜ್ಜು ಹರಿದ ಪ್ರಸಂಗಗಳೂ ಇವೆ. ಔಷಧ ಬಹಳ ದುಬಾರಿ. ಯೂರೋಪಿನ ಮಾರುಕಟ್ಟೆಯಿಂದ ೨೦೨೦ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಗುಣದಲ್ಲಿ ದೋಷ ಕಂಡು ಅಲ್ಲ, ವ್ಯಾಪಾರದ ಲೆಕ್ಕಾಚಾರದಿಂದ. ರೋಗಿಯ ಕೈ ನೇರವಾಗಿದ್ದರೇನು, ಲೆಕ್ಕ ನೇರವಾಗಬೇಕಲ್ಲ!

ಸಣ್ಣ ರಂಧ್ರದ ದಾರಿ ಇಷ್ಟು ಸುಲಭವಾಗಿರುವಾಗ ಅಂಗೈಯನ್ನು ಅಂಕುಡೊಂಕಾಗಿ ಸೀಳಿ, ನರಗಳನ್ನು ಒಂದೊಂದಾಗಿ ಬಿಡಿಸಿ, ಕೆಟ್ಟ ಪೊರೆಯನ್ನು ಕೊಯ್ದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಇನ್ನೂ ಏಕೆ ಬದುಕಿದೆ? ಉತ್ತರ ಸರಳ. ಸೂಜಿ ಹುರಿಯನ್ನು ಕತ್ತರಿಸುತ್ತದೆ, ತೆಗೆದುಹಾಕುವುದಿಲ್ಲ. ನೇಯುವವನು ಒಳಗೇ ಇದ್ದಾನೆ. ಕಿತ್ತ ಮಗ್ಗಕ್ಕೆ ಅವನು ಮತ್ತೆ ನೂಲು ಹೂಡುತ್ತಾನೆ.

ಹಾಲೆಂಡಿನ ವೈದ್ಯರು ಸೂಜಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಿ, ಐದು ವರ್ಷಗಳ ಫಲಿತಾಂಶವನ್ನು ೨೦೧೨ರಲ್ಲಿ ಪ್ರಕಟಿಸಿದರು. ಬೆರಳು ಮತ್ತೆ ೩೦ ಡಿಗ್ರಿಗಿಂತ ಹೆಚ್ಚು ಬಾಗಿದ್ದನ್ನು ಮರುಕಳಿಕೆಯೆಂದು ಅವರು ಎಣಿಸಿದರು. ಸೂಜಿಯವರಲ್ಲಿ ನೂರಕ್ಕೆ ೮೫, ಶಸ್ತ್ರಚಿಕಿತ್ಸೆಯವರಲ್ಲಿ ೨೧. ಅಂತರ ಅಲ್ಪವಲ್ಲ. ಕಿಣ್ವದಿಂದ ಚೆನ್ನಾಗಿ ಬಿಟ್ಟುಕೊಂಡ ಕೀಲುಗಳಲ್ಲಿಯೂ ಐದು ವರ್ಷಗಳಲ್ಲಿ ನೂರಕ್ಕೆ ೪೭ ಮರುಕಳಿಸಿದುದಾಗಿ ಬೇರೊಂದು ಅಧ್ಯಯನ ಹೇಳಿತು. ಅಲ್ಲಿಯ ಅಳತೆಗೋಲು ಬೇರೆ, ಆದ್ದರಿಂದ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಬಾರದು. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟವರು ಫಿನ್‌ಲೆಂಡಿನವರು. ೨೦೨೪ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಮೂರು ತಿಂಗಳಿಗೆ ಮೂರು ದಾರಿಗಳೂ ಹೆಚ್ಚು ಕಡಮೆ ಸಮ. ಎರಡು ವರ್ಷಗಳಾಗುವಾಗ ಸಫಲರಾದವರು ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ ೭೮, ಕಿಣ್ವದಲ್ಲಿ ೬೫, ಸೂಜಿಯಲ್ಲಿ ೫೦. ಅದೇ ವರ್ಷ ಬ್ರಿಟನ್ನಿನಿಂದ ಬಂದ, ೬೭೨ ಮಂದಿಯ ಪರೀಕ್ಷೆಯಲ್ಲಿಯೂ ಒಂದು ವರ್ಷದ ನಂತರ ಕಿಣ್ವವು ಶಸ್ತ್ರಚಿಕಿತ್ಸೆಗೆ ಸರಿಸಾಟಿಯೆನಿಸಲಿಲ್ಲ.

ಹಾಗಾದರೆ ಸೂಜಿ ಸೋತಿತೆ? ನನಗೆ ಹಾಗೆ ತೋರುವುದಿಲ್ಲ. ಆ ಹಾಲೆಂಡಿನ ಅಧ್ಯಯನದಲ್ಲಿಯೇ, ಮರುಕಳಿಸಿದರೆ ಯಾವ ದಾರಿ ಬೇಕೆಂಬ ಪ್ರಶ್ನೆಗೆ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಸೂಜಿಯೇ ಇರಲಿ ಎಂದರು. ಅವರು ಅಂಕಿಗಳನ್ನು ತಿಳಿಯದವರಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಹೊಲಿಗೆ, ಎರಡು ವಾರದ ಪಟ್ಟಿ, ತಿಂಗಳುಗಟ್ಟಲೆ ಬೆರಳಿನ ವ್ಯಾಯಾಮ, ಕೆಲವರಲ್ಲಿ ಬಿಗಿತ, ಕೆಲವರಲ್ಲಿ ಮರಗಟ್ಟಿದ ಬೆರಳ ತುದಿ. ಮರುಕಳಿಸಿ ಎರಡನೆಯ ಸಲ ಕೊಯ್ಯಬೇಕಾದರೆ ಹಳೆಯ ಗಾಯದ ಕಲೆಯಲ್ಲಿ ನರವನ್ನು ಹುಡುಕುವುದು ಇನ್ನೂ ಕಷ್ಟ. ಸೂಜಿಯನ್ನಾದರೆ ಮತ್ತೆ ಹಾಕಿಸಿಕೊಳ್ಳಬಹುದು. ವಯಸ್ಸಾದ ಮೇಲೆ ಚಿಕಿತ್ಸೆ ಪಡೆದವರಲ್ಲಿ ಮರುಕಳಿಕೆ ಕಡಮೆಯೆಂಬುದನ್ನೂ ಅದೇ ಅಧ್ಯಯನ ಕಂಡಿತು. ಎಪ್ಪತ್ತೈದರ ತಾತ, ಬುಡದ ಕೀಲು ಮಾತ್ರ ಬಾಗಿದೆ, ಹೃದಯ ಅಷ್ಟು ಗಟ್ಟಿಯಿಲ್ಲ, ಊಟದ ಕೈ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದು: ಅವರಿಗೆ ಸೂಜಿಯೇ ವಿವೇಕ. ನಲವತ್ತೈದರ ಗೃಹಸ್ಥ, ತಂದೆಗೂ ಇತ್ತು, ಎರಡು ಕೈಯಲ್ಲೂ ಹುರಿ, ನಡುಗೆಣ್ಣು ಬಾಗಿದೆ: ಅವನು ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಬೇಕಾದೀತು. ಅವನ ಮುಂದೆ ಮೂವತ್ತು ವರ್ಷಗಳಿವೆ, ನೇಯುವವನ ಮುಂದೆಯೂ ಅಷ್ಟೇ ವರ್ಷಗಳಿವೆ.

ಬೆರಳು ಬಾಗುವ ಮುನ್ನವೇ ರೋಗವನ್ನು ತಡೆಯುವ ಪ್ರಯತ್ನಗಳೂ ನಡೆದಿವೆ. ಜರ್ಮನಿಯಲ್ಲಿ ಗಂಟಿನ ಹಂತದಲ್ಲಿಯೇ ಕ್ಷ-ಕಿರಣದಂತಹ ವಿಕಿರಣವನ್ನು ಅಲ್ಪ ಪ್ರಮಾಣದಲ್ಲಿ ಕೊಡುವ ಪದ್ಧತಿಯಿದೆ. ಆಕ್ಸ್‌ಫರ್ಡಿನ ಸಂಶೋಧಕರು, ಕೀಲುವಾತಕ್ಕೆ ಬಳಸುವ ಅಡಲಿಮುಮ್ಯಾಬ್ ಎಂಬ ಔಷಧವನ್ನು ಮೂರು ತಿಂಗಳಿಗೊಮ್ಮೆ ಗಂಟಿಗೇ ಚುಚ್ಚಿ, ೧೪೦ ಮಂದಿಯಲ್ಲಿ ಗಂಟು ಮೆತ್ತಗಾಗಿ ಕುಗ್ಗುವುದೆಂದು ೨೦೨೨ರಲ್ಲಿ ತೋರಿಸಿದರು. ಗಂಟು ಕುಗ್ಗಿದವರ ಬೆರಳು ಮುಂದೆ ಬಾಗದೆ ಉಳಿಯುವುದೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ವರ್ಷಗಳೇ ಉತ್ತರ ಹೇಳಬೇಕು.

ಸೂಜಿ ಹಾಕಿಸಿಕೊಂಡು ಬಂದವರ ಮನೆಯವರಿಗೆ ಒಂದು ಮಾತು. ಆ ದಿನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಇರಿಸಿ, ಊತ ಇಳಿಯುತ್ತದೆ. ಬೆರಳುಗಳನ್ನು ಆಗಾಗ ಪೂರ್ತಿ ಮಡಿಸಿ, ಪೂರ್ತಿ ಬಿಡಿಸಬೇಕು. ನೋವಿಗೆ ಹೆದರಿ ಕೈಯನ್ನು ಕಟ್ಟಿಹಾಕಬಾರದು. ಭಾರ ಎತ್ತುವುದು, ಬಟ್ಟೆ ಹಿಂಡುವುದು ಒಂದು ವಾರ ಬೇಡ. ರಾತ್ರಿ ಬೆರಳಿಗೆ ಆಸರೆಯ ಪಟ್ಟಿ ಕಟ್ಟುವ ಪದ್ಧತಿ ಹಿಂದಿನಿಂದ ಬಂದುದು. ಶಸ್ತ್ರಚಿಕಿತ್ಸೆಯಾದವರಲ್ಲಿ ಎಲ್ಲರಿಗೂ ಅದನ್ನು ಕಟ್ಟುವುದರಿಂದ ವಿಶೇಷ ಲಾಭವಿಲ್ಲವೆಂದು ಬ್ರಿಟನ್ನಿನ ಪರೀಕ್ಷೆಯೊಂದು ೨೦೧೧ರಲ್ಲಿ ಕಂಡಿತು, ಆದ್ದರಿಂದ ನಿಮ್ಮ ಡಾಕ್ಟರು ಬೇಡವೆಂದರೆ ಅವರು ಉದಾಸೀನ ಮಾಡಿದರೆಂದು ಭಾವಿಸಬೇಡಿ. ಬೆರಳ ತುದಿ ಎರಡನೆಯ ದಿನವೂ ಜೋಮು ಹಿಡಿದಂತಿದ್ದರೆ, ಅಥವಾ ಬೆರಳನ್ನು ಮಡಿಸುವುದೇ ಆಗದೆ ಹೋದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಹೋಗಿ ತೋರಿಸಿ.